ಶರೀಫ ಸಾಹೇಬರು ಬೇಡಿದ ಪಾದ

ಶರಣ ಬಂಧುಗಳೇ, ಶರಣು ಶರಣಾರ್ಥಿ.

ನವಲಗುಂದ ಸೀಮೆಯ ಎರೆನೆಲದಲ್ಲಿ ಬಾಳಿದವರಿಗೆ ಮಾಳಿಗೆ ಸೋರುವುದೆಂದರೇನೆಂದು ವಿವರಿಸಬೇಕಾಗಿಲ್ಲ. ನಮ್ಮ ಶಲವಡಿಯಂಥ ಊರುಗಳಲ್ಲಿ ಹಳೆಯ ಮನೆಗಳೆಂದರೆ ತೊಲೆ ಜಂತಿಗಳ ಮೇಲೆ ಮಣ್ಣು ಹೊದಿಸಿದ ಮನೆಗಳು. ಮುಂಗಾರಿಗೆ ಮೊದಲು ಮೇಲೇರಿ, ಬೆಳೆದ ಹುಲ್ಲು ಕಿತ್ತು, ಹೊಸ ಮಣ್ಣು ಹರಡಿ ತುಳಿಯಬೇಕು. ಒಂದು ವರ್ಷ ಅಲಸಿದರೆ ಸಾಕು, ಮಳೆಯ ರಾತ್ರಿ ಕೊಡ, ಚರಿಗೆ, ಪರಾತಗಳನ್ನೆಲ್ಲ ಮನೆತುಂಬ ಇಟ್ಟು ಮೂಲೆಯಲ್ಲಿ ಕುಳಿತು ಬೆಳಗು ಮಾಡಬೇಕು. ಈ ಬಡತನದ ಅನುಭವವನ್ನೇ ಎತ್ತಿಕೊಂಡು, ಸೋರುವುದು ಮಾಳಿಗೆಯೋ ಮನಸ್ಸೋ ಎಂದು ಕೇಳುವಂತೆ ಹಾಡಿದ ಮಹಾನುಭಾವರು ಸಂತ ಶಿಶುನಾಳ ಶರೀಫ ಸಾಹೇಬರು. ಶ್ರಾವಣದಲ್ಲಿ, ಅಮಾವಾಸ್ಯೆಯ ಭಜನೆಯಲ್ಲಿ, ಶವದ ಮುಂದಿನ ಇರುಳ ಭಜನೆಯಲ್ಲಿಯೂ ಆ ಪದ ನಮ್ಮಲ್ಲಿ ತಪ್ಪುವುದಿಲ್ಲ. ವಚನ ಬಾರದವರಿಗೂ ಅದು ಬರುತ್ತದೆ.

ಇಷ್ಟು ಹಾಡುವ ನಾವು, ಅವರು ಕಡೆಯ ಗಳಿಗೆಯಲ್ಲಿ ನಮ್ಮವರನ್ನು ಒಂದು ಬೇಡಿಕೆ ಬೇಡಿದರೆಂಬುದನ್ನು ಮಾತ್ರ ಕಥೆಯೆಂದು ಕೇಳಿ ಬಿಟ್ಟಿದ್ದೇವೆ. ಅದರ ಬಗ್ಗೆಯೇ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ. ಹಿರಿಯರಿಗೆ ಕೆಲವು ಮಾತು ಒಪ್ಪಿಗೆಯಾಗದಿರಬಹುದು, ಮನ್ನಿಸಬೇಕು.

ಶರೀಫರು ಜನಿಸಿದ್ದು 1819ರಲ್ಲಿ. ಪೇಶ್ವೆಯರ ಆಳಿಕೆ ಕೊನೆಗೊಂಡ ಮರುವರ್ಷ. ಶಿಶುನಾಳ ಇಂದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿದ್ದರೂ 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯದೇ ಊರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ಹುಲಗೂರಿನ ಸೂಫಿ ಸಂತ ಖಾದರಶಾವಲಿಯವರ ಅನುಗ್ರಹದಿಂದ ಮಗ ಹುಟ್ಟಿದನೆಂದು ಆ ದಂಪತಿಗಳು ನಂಬಿದ್ದರು. ಇಮಾಮ್ ಸಾಹೇಬರು ಸ್ವತಃ ಹಜರೇಶ ಖಾದರಿ ಎಂಬ ಸೂಫಿ ಗುರುವಿನ ಶಿಷ್ಯರು. ಆ ಗುರು ತನ್ನ ಶಿಷ್ಯರಿಗೆ ಲಿಂಗಧಾರಣೆಯನ್ನೂ ಮಾಡಿಸುತ್ತಿದ್ದರೆಂಬ, ಇಮಾಮ್ ಸಾಹೇಬರು ಮಗನಿಗೆ ರಾಮಾಯಣ ಭಾರತಗಳೊಡನೆ ಅಲ್ಲಮಪ್ರಭುವಿನ ಬೋಧೆಯನ್ನೂ ಹೇಳಿಕೊಡುತ್ತಿದ್ದರೆಂಬ ಪ್ರತೀತಿ ಇದೆ.

ಇಲ್ಲೊಂದು ಮಾತು ನೆನಪಿಗೆ ಬರುತ್ತದೆ. ಖಾದರಿ ಪಂಥ ಯಾರ ಹೆಸರಿನಿಂದ ನಡೆದು ಬಂದಿದೆಯೋ ಆ ಅಬ್ದುಲ್ ಖಾದರ್ ಜೀಲಾನಿಯವರು ಬಾಗ್ದಾದಿನಲ್ಲಿ ದೇಹ ಬಿಟ್ಟದ್ದು 1166ರಲ್ಲಿ. ಕಲ್ಯಾಣದಲ್ಲಿ ಅನುಭವ ಮಂಟಪ ನಡೆದ ಕಾಲವೂ ಅದೇ. ಅವರು ಇವರನ್ನು ಕಂಡವರಲ್ಲ, ಇವರು ಅವರ ಹೆಸರು ಕೇಳಿದವರಲ್ಲ. ಏಳು ನೂರು ವರ್ಷ ನಡೆದ ಮೇಲೆ ಆ ಎರಡು ದಾರಿಗಳು ಶಿಶುನಾಳದ ಒಂದು ಬಡ ಮನೆಯ ಪಡಸಾಲೆಯಲ್ಲಿ ಕೂಡಿದವು.

ಬಾಲಕ ಶರೀಫರು ಕನ್ನಡ ಶಾಲೆಯಲ್ಲಿ ಕಲಿತು ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಕೆಲವು ಕಾಲ ಶಾಲಾಮಾಸ್ತರಿಕೆಯನ್ನೂ ಮಾಡಿದರು. ಬಯಲಾಟ, ಕೋಲಾಟ, ಹೆಜ್ಜೆಮೇಳಗಳ ಗೀಳು ಹತ್ತಿತ್ತು. ಕುಂದಗೋಳದ ಫಾತಿಮಾ ಎಂಬ ಕನ್ಯೆಯೊಡನೆ ವಿವಾಹವಾಯಿತು. ಒಂದು ಹೆಣ್ಣುಮಗು ಹುಟ್ಟಿ ತೀರಿಕೊಂಡಿತು, ಮಡದಿಯೂ ತೀರಿಕೊಂಡರು. ಸಂಸಾರದ ಕಥೆ ಅಲ್ಲಿಗೆ ಮುಗಿಯಿತು.

ಗುರುವಿನ ಕಥೆಯೇ ದೊಡ್ಡದು. ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರು ಬ್ರಾಹ್ಮಣರು. ಆದರೆ ಮಡಿ ಮೈಲಿಗೆಗಳನ್ನು ಲೆಕ್ಕಕ್ಕಿಡದೆ ಎಲ್ಲರ ಮನೆಯಲ್ಲಿ ಉಣ್ಣುವ, ಎಲ್ಲಿಯೋ ಮಲಗುವ ಅವಧೂತ ವೃತ್ತಿಯವರು. ಇಮಾಮ್ ಸಾಹೇಬರು ಮಗನನ್ನು ಅವರ ಮುಂದೆ ನಿಲ್ಲಿಸಿದಾಗ, ನಿನ್ನಪ್ಪ ಯಾರೆಂದು ಭಟ್ಟರು ಕೇಳಿದರಂತೆ. ಅಪ್ಪ ಪಕ್ಕದಲ್ಲೇ ನಿಂತಿದ್ದಾನೆ, ಕೂಡಿದವರೆಲ್ಲ ನಕ್ಕರು. ನಿಮ್ಮಪ್ಪ ಯಾರೋ ನನ್ನಪ್ಪನೂ ಅವನೇ ಎಂಬ ಅರ್ಥದ ಉತ್ತರವನ್ನು ಹುಡುಗ ಕೊಟ್ಟ. ಭಟ್ಟರಿಗೆ ಬೇಕಾದದ್ದು ಅದೇ. ಬ್ರಾಹ್ಮಣ ಅಗ್ರಹಾರದವರು ಭಟ್ಟರನ್ನು ಬೈದರು, ಮುಸಲ್ಮಾನ ಬಾಂಧವರು ಶರೀಫರನ್ನು ಬೈದರು. ಒಮ್ಮೆ ಭಟ್ಟರು ತಮ್ಮ ಕೊರಳಿನ ಜನಿವಾರವನ್ನೇ ತೆಗೆದು ಶಿಷ್ಯನ ಕೊರಳಿಗೆ ಹಾಕಿಬಿಟ್ಟರೆಂದು ಕಥೆಯುಂಟು. ಅದರ ಮೇಲೆ ಶರೀಫರದೊಂದು ಪದವೂ ಉಂಟು. ಬಸವಣ್ಣನವರು ಜನಿವಾರವನ್ನು ಬೇಡವೆಂದು ಹೊರನಡೆದರು. ಗೋವಿಂದಭಟ್ಟರು ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡರು. ಯಾವುದು ಹೆಚ್ಚು ಕಠಿಣವೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಶರೀಫರ ಪದಗಳನ್ನು ವಚನಾಭ್ಯಾಸಿಗಳು ಬಿಡಿಸಿ ನೋಡಬೇಕು. ಮೊದಲು ಕಣ್ಣಿಗೆ ಬೀಳುವುದು ಅಂಕಿತ. ಬಸವಣ್ಣನವರು ಕೂಡಲಸಂಗಮದ ಸಂಗಮನಾಥನನ್ನು, ಅಕ್ಕ ಶ್ರೀಶೈಲದ ಮಲ್ಲಿಕಾರ್ಜುನನನ್ನು ಅಂಕಿತದಲ್ಲಿ ನಿಲ್ಲಿಸಿಕೊಂಡಂತೆ ಇವರು ತಾವು ಹುಟ್ಟಿದ ಊರಿನ ಒಡೆಯನನ್ನೇ ಶಿಶುನಾಳಾಧೀಶನೆಂದು ಕರೆದರು. ಎರಡನೆಯದು ವಸ್ತು. ಸೋರುವ ಮಾಳಿಗೆ, ಕೈಗೆ ಹತ್ತದವನ ತಂಬೂರಿ, ಜಾರಿ ಬಿದ್ದ ಮುದುಕಿ, ಹೊಸದಾಗಿ ಬಂದ ಗಿರಣಿ, ಎಲ್ಲವೂ ಅವರಿಗೆ ಪಾಠ ಹೇಳಿದವು. ಅಂಬಿಗ, ಮಡಿವಾಳ, ನೇಕಾರ ಶರಣರು ತಮ್ಮ ಕಾಯಕದ ಸಲಕರಣೆಗಳಿಂದಲೇ ಅನುಭಾವವನ್ನು ಹೇಳಿದ ಬಗೆಯೇ ಇದು. ಸೂಫಿಗಳಲ್ಲಿಯೂ ಈ ಬಗೆ ಹಳೆಯದು. ಬಿಜಾಪುರದ ಸೂಫಿಗಳು ಜೋಳ ಬೀಸುವ ಹೆಣ್ಣುಮಕ್ಕಳಿಗಾಗಿ ದಖನಿ ಭಾಷೆಯಲ್ಲಿ ಚಕ್ಕಿನಾಮಾ ಎಂಬ ಬೀಸುವ ಪದಗಳನ್ನು ಕಟ್ಟಿದ್ದರು. ಕಲ್ಲು ತಿರುಗುವ ಲಯಕ್ಕೆ ದೇವರ ನಾಮಸ್ಮರಣೆ ಕೂಡುತ್ತಿತ್ತು.

ಆದರೆ ಸಾಮ್ಯ ಹೇಳುವ ಉತ್ಸಾಹದಲ್ಲಿ ನಾವು ಅವಸರ ಮಾಡಬಾರದು. ಸೂಫಿಗಳು ಷರೀಅತ್, ತರೀಕತ್, ಹಕೀಕತ್, ಮಾರಿಫತ್ ಎಂದು ನಾಲ್ಕು ನೆಲೆಗಳನ್ನು ಹೇಳಿದರೆ ನಮ್ಮ ಭಾಷಣಕಾರರು ಕೂಡಲೇ ಷಟ್‌ಸ್ಥಲಕ್ಕೆ ಹೊಂದಿಸಿ ಕೋಷ್ಟಕ ಬರೆಯುತ್ತಾರೆ. ನಾಲ್ಕು ಆರಕ್ಕೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಸೂಫಿ ಹೇಳುವ ಫನಾ ಎಂದರೆ ನಾನೆಂಬುದು ದೇವರ ಮುಂದೆ ಇಲ್ಲವಾಗುವುದು. ಶರಣರು ಹೇಳುವ ಲಿಂಗಾಂಗ ಸಾಮರಸ್ಯದಲ್ಲಿ ಅಂಗವೇ ಲಿಂಗಗುಣವನ್ನು ತಾಳುತ್ತದೆ, ಕಾಯವೇ ಪ್ರಸಾದಕಾಯವಾಗುತ್ತದೆ. ಇವು ನೆರೆಹೊರೆಯ ಮನೆಗಳು, ಒಂದೇ ಮನೆಯಲ್ಲ. ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಉಂಟು. ಶರೀಫರು ಗೋಡೆ ಕೆಡವಲಿಲ್ಲ, ಆ ಕಿಂಡಿಯಲ್ಲಿ ದೀಪವಿಟ್ಟರು. ಬೆಳಕು ಎರಡೂ ಮನೆಗೆ ಬಿತ್ತು.

ಹೀಗೆ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆಯ ಭಿತ್ತಿಪತ್ರಗಳಲ್ಲಿ, ಭಜನಾ ಪುಸ್ತಕಗಳಲ್ಲಿ 'ಶರೀಫ ಶಿವಯೋಗಿ' ಎಂದು ಅಚ್ಚಾಗುತ್ತದೆ. ಆ ಗೌರವಕ್ಕೆ ಅವರು ನಿಸ್ಸಂದೇಹವಾಗಿ ಅರ್ಹರು. ಆದರೆ ಶಿವಯೋಗಿ ಎಂಬುದು ಸೇರಿದಾಗ 'ಸಾಹೇಬ' ಎಂಬುದು ಜಾರಿಹೋಗುತ್ತದೆ. ಇದು ಅಚ್ಚಿನ ಮೊಳೆಯ ತಪ್ಪಿನಿಂದ ಆದದ್ದೆಂದು ನನಗೆ ಅನಿಸುವುದಿಲ್ಲ. ಅವರು ಅಂತರಂಗದಲ್ಲಿ ಲಿಂಗವಂತರೇ ಆಗಿದ್ದರು, ಹೆಸರು ಮಾತ್ರ ಬೇರೆ, ಎಂದು ವೇದಿಕೆಯ ಮೇಲೆ ಹೇಳುವವರೂ ಇದ್ದಾರೆ. ಕೇಳಲು ಉದಾರವಾಗಿ ಕಾಣುವ ಈ ಮಾತಿನಲ್ಲಿ ಒಂದು ಜಿಪುಣತನ ಅಡಗಿದೆ: ನಮ್ಮವರೆಂದು ಮಾಡಿಕೊಂಡ ಮೇಲೆಯೇ ನಾವು ಅವರನ್ನು ಪ್ರೀತಿಸುತ್ತೇವೆ. ಮುಸಲ್ಮಾನರಾಗಿಯೇ ಉಳಿದ ಶರೀಫರನ್ನು ಪ್ರೀತಿಸುವುದು ನಮಗೆ ಕಷ್ಟವೇ?

ಅವರು ಉಳಿದದ್ದಂತೂ ಹಾಗೆಯೇ. ಅಲಾವಿ ಹಬ್ಬಕ್ಕೆ ಹಾಡುವ ರಿವಾಯತ್ ಪದಗಳನ್ನು ಅವರು ಕಟ್ಟಿದ್ದಾರೆ. ಕ್ರಿಸ್ತಶಕ 680ರಲ್ಲಿ ಕರ್ಬಲಾ ಬಯಲಿನಲ್ಲಿ ನೀರಿಲ್ಲದೆ ಮಡಿದ ಇಮಾಮ್ ಹುಸೇನರ ದುಃಖವನ್ನು ಧಾರವಾಡದ ಕನ್ನಡದಲ್ಲಿ ಹೆಜ್ಜೆ ಹಾಕಿ ಹಾಡುವಂತೆ ಮಾಡಿದ್ದಾರೆ. ಆ ಪದಗಳು ನಮ್ಮ ಭಜನಾ ಪುಸ್ತಕಗಳಲ್ಲಿ ಎಷ್ಟು ಇವೆ, ದಯಮಾಡಿ ಎಣಿಸಿ ನೋಡಿ. ಹಾಗೆಂದು ಹಳ್ಳಿಗರಿಗೆ ಅವು ಪರಕೀಯವಲ್ಲ. ಮುಸಲ್ಮಾನರ ಮನೆಯೊಂದೂ ಇಲ್ಲದ ಊರುಗಳಲ್ಲಿ ಸಹ ಲಿಂಗಾಯತರೂ ಕುರುಬರೂ ಕೂಡಿ ಪಂಜಾ ಹೊರುವುದು ಈ ಸೀಮೆಗೆ ಹೊಸದಲ್ಲ. ಕಣ್ಣೀರು ಹಳ್ಳಿಯಲ್ಲಿ ಉಳಿಯಿತು, ಪುಸ್ತಕದಲ್ಲಿ ಉಳಿಯಲಿಲ್ಲ.

ನಗರದವರಿಗೆ ಶರೀಫರನ್ನು ತಲುಪಿಸಿದ ಪುಣ್ಯ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರದು, ಸಿ. ಅಶ್ವತ್ಥರ ಕಂಠದ್ದು, ಟಿ.ಎಸ್. ನಾಗಾಭರಣರ 1990ರ ಚಲನಚಿತ್ರದ್ದು. ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಅಂದಿನಿಂದ ಶರೀಫರೆಂದರೆ ಭಾವೈಕ್ಯ, ಭಾವೈಕ್ಯವೆಂದರೆ ಶರೀಫರು. ಆಗಸ್ಟ್ 15ಕ್ಕೆ ಒಂದು ಹಾಡು, ನವೆಂಬರ್ 1ಕ್ಕೆ ಒಂದು ಹಾಡು. ತಪ್ಪೆನ್ನಲಾರೆ. ಆದರೆ ಹಾಡಿದವರು ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲದ ಭಾವೈಕ್ಯ ಅದು. ಭಟ್ಟರು ತಮ್ಮವರ ಪಂಕ್ತಿಯನ್ನು ಕಳೆದುಕೊಂಡಿದ್ದರು, ಶರೀಫರು ತಮ್ಮವರ ಮೆಚ್ಚಿಗೆಯನ್ನು ಕಳೆದುಕೊಂಡಿದ್ದರು.

ಇನ್ನು ಆ ಬೇಡಿಕೆಯ ಮಾತು. 1889ರಲ್ಲಿ, ಎಪ್ಪತ್ತರ ಅಂಚಿನಲ್ಲಿ, ಶರೀಫರಿಗೆ ದೇಹ ಬಿಡುವ ಕಾಲ ಬಂತು. ನಮ್ಮಲ್ಲಿ ವಿಭೂತಿ ವೀಳ್ಯದ ಸಂಸ್ಕಾರವುಂಟಲ್ಲ, ಜಂಗಮರು ಬಂದು ತಮ್ಮ ಪಾದವನ್ನು ಹೋಗುವವರ ತಲೆಯ ಮೇಲೆ ಇರಿಸುವುದು, ಅದು ತಮಗೂ ಆಗಬೇಕೆಂದು ಅವರು ಕೇಳಿಕೊಂಡರು. ಬಂದ ಜಂಗಮರು ಹಿಂಜರಿದರು. ಶರೀಫರು ಆಗಲೂ ಪದವನ್ನೇ ಹಾಡಿದರೆಂದು ಕಥೆ ಹೇಳುವವರು ಹೇಳುತ್ತಾರೆ. ಇಂಥ ಮಹಾತ್ಮನ ತಲೆಯ ಮೇಲೆ ಪಾದವಿಡುವುದು ಹೇಗೆಂಬ ಭಯಭಕ್ತಿಯೇ ಹಿಂಜರಿಕೆಗೆ ಕಾರಣವೆಂದು ನಮ್ಮ ಹಿರಿಯರು ಅರ್ಥ ಮಾಡುತ್ತಾರೆ. ಹಾಗೆಯೇ ಇರಲಿ, ನಾನು ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಮಹಾತ್ಮರಲ್ಲದ, ಪದ ಕಟ್ಟಲು ಬಾರದ, ನೇಯ್ದು ಉಣ್ಣುವ ಒಬ್ಬ ಸಾಮಾನ್ಯ ಮುಸಲ್ಮಾನ ಮುದುಕನು ಇಂದು ಅದನ್ನೇ ಬೇಡಿದರೆ ನಮ್ಮ ಪಾದ ಏಕೆ ಹಿಂಜರಿದೀತು? ಭಯಭಕ್ತಿಯ ಸಮಜಾಯಿಷಿ ಅಲ್ಲಿ ಸಲ್ಲುವುದಿಲ್ಲ.

ನಮ್ಮ ಪರಂಪರೆಯಲ್ಲಿ ಪಾದಕ್ಕೂ ತಲೆಗೂ ಇನ್ನೊಂದು ಕಥೆಯಿದೆ. ಹರಳಯ್ಯನವರು ಬಸವಣ್ಣನವರಿಗೆ 'ಶರಣು' ಎಂದರು. ಬಸವಣ್ಣನವರು 'ಶರಣು ಶರಣಾರ್ಥಿ' ಎಂದು ಒಂದು ಹೆಚ್ಚಿಗೆ ಹೇಳಿದರು. ಆ ಒಂದು ಹೆಚ್ಚಿನ ಮಾತಿನ ಋಣ ತೀರಿಸಲು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು. ಈ ಬರಹದ ಆರಂಭದಲ್ಲಿ ನಾನು ನಿಮಗೆ ಹೇಳಿದ ಶರಣು ಶರಣಾರ್ಥಿ ಅಷ್ಟು ಬೆಲೆಯ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತೇವೆ, ದೂರವಾಣಿ ಎತ್ತಿದಾಗಲೂ ಹೇಳುತ್ತೇವೆ.

ಬಂದವನ ಮೂಲವನ್ನು ವಿಚಾರಿಸದೆ ತನ್ನವನೆಂದೇ ಕಾಣುವ ವಿಷಯದಲ್ಲಿ ಬಸವಣ್ಣನವರ ಪ್ರಸಿದ್ಧ ವಚನವಿದೆ, ಮಕ್ಕಳಿಗೂ ಬಾಯಿಪಾಠ. ಅದನ್ನು ನಾವು ಜಗತ್ತಿಗೆ ಮಾಡಿದ ಉಪದೇಶವೆಂಬಂತೆ ಓದುತ್ತೇವೆ. ವ್ಯಾಕರಣವನ್ನು ಗಮನಿಸಿದರೆ ಅದು ಉಪದೇಶವೇ ಅಲ್ಲ, ಬೇಡಿಕೆ. ಹಾಗೆ ಅನ್ನಿಸು, ಹೀಗೆ ಅನ್ನಿಸಬೇಡ ಎಂದು ಕೂಡಲಸಂಗನ ಮುಂದೆ ನಿಂತು ಕೇಳಿಕೊಳ್ಳುವುದು. ಕೇಳಿಕೊಳ್ಳಬೇಕಾಗಿ ಬಂದದ್ದು ಏಕೆಂದರೆ, ಅದು ತಾನಾಗಿ ಬರುವ ಬುದ್ಧಿಯಲ್ಲವೆಂದು ಬಸವಣ್ಣನವರಿಗೆ ತಿಳಿದಿತ್ತು. ಮಂತ್ರಿಯಾಗಿದ್ದ, ಮಹಾಮನೆಯ ಬಾಗಿಲು ತೆರೆದಿಟ್ಟಿದ್ದ ಅವರಿಗೇ ಅದು ಬೇಡಿ ಪಡೆಯಬೇಕಾದ ವಸ್ತುವಾಗಿತ್ತು. ನಮಗೆ ಮಾತ್ರ ಹುಟ್ಟಿನಿಂದಲೇ ಬಂದಿದೆಯೆಂದು ನಾವು ತಿಳಿದಿದ್ದೇವೆ.

ನನ್ನದೇ ಒಂದು ಸಂಗತಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬಳಗದ ಒಬ್ಬ ಹಿರಿಯರು ಲಿಂಗೈಕ್ಯರಾದರು. ಅವರ ಹೊಲ ಮನೆಗಳಲ್ಲಿ ನಲವತ್ತು ವರ್ಷ ದುಡಿದ ಒಬ್ಬ ಮುಸಲ್ಮಾನ ಮುದುಕರಿದ್ದರು. ಯಜಮಾನರೂ ಅವರೂ ಒಂದೇ ಬುತ್ತಿ ಬಿಚ್ಚಿ ಉಂಡವರು. ಸಮಾಧಿಯ ಗುಂಡಿಯನ್ನು ಅಗೆಸುವಾಗ ನಿಂತು ನೋಡಿಕೊಂಡವರೂ ಅವರೇ. ಕ್ರಿಯೆ ಆರಂಭವಾದಾಗ ಹತ್ತು ಹೆಜ್ಜೆ ಹಿಂದೆ ಸರಿದು ಬೇವಿನ ಗಿಡದ ಕೆಳಗೆ ನಿಂತರು. ಪತ್ರಿ ಹಾಕಿದೆವು, ವಿಭೂತಿ ಹಾಕಿದೆವು, ಒಬ್ಬೊಬ್ಬರಾಗಿ ಮಣ್ಣು ಹಾಕಿದೆವು. ಅವರ ಮುಷ್ಟಿಯಲ್ಲಿ ಮಣ್ಣಿದ್ದುದನ್ನು ನಾನು ನೋಡಿದೆ. ಬಾರದಿರು ಎಂದು ಯಾರೂ ಹೇಳಿರಲಿಲ್ಲ. ಬಾ ಎಂದೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಎಲ್ಲರೂ ತಿರುಗಿದ ಮೇಲೆ ಅವರು ಹೋಗಿ ಹಾಕಿ ಬಂದರು. ಆ ಇರುಳು ಭಜನೆಯಲ್ಲಿ ಶರೀಫರ ಪದಗಳನ್ನು ಬಹಳ ಚೆನ್ನಾಗಿ ಹಾಡಿದೆವು.

ನಮ್ಮ ಸೀಮೆಯಲ್ಲಿ ಈ ನಂಟುಗಳನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೋಳಿಯ ನಂತರ ಬೆಣ್ಣಿಹಳ್ಳದ ದಂಡೆಯ ಯಮನೂರಿಗೆ ಜನಸಾಗರ ಹರಿಯುತ್ತದೆ. ಅಲ್ಲಿಯ ಸಂತ ಕೆಲವರಿಗೆ ರಾಜಾಬಾಗ್ ಸವಾರ, ಕೆಲವರಿಗೆ ಚಾಂಗದೇವ. ಹಳ್ಳದಲ್ಲಿ ಮುಳುಗಿ ಏಳುವವರ ಮೈಗಂಟಿದ ನೀರು ಒಂದೇ. ನವಲಗುಂದದ ನಾಗಲಿಂಗ ಅಜ್ಜನವರೂ ಶರೀಫರೂ ಒಬ್ಬರನ್ನೊಬ್ಬರು ಬಲ್ಲ ಸಮಕಾಲೀನರೆಂದು ಹಿರಿಯರು ಹೇಳುತ್ತಾರೆ. ಇನ್ನು ನವಲಗುಂದದ ಜಮಖಾನವನ್ನು ನೇಯುವ ಕೈಗಳು ಅಲ್ಲಿಯ ಮುಸಲ್ಮಾನ ಹೆಣ್ಣುಮಕ್ಕಳವು. ಆ ನೇಯ್ಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ, ನೇಯುವವರ ಸಂಖ್ಯೆ ಮಾತ್ರ ಕೈಬೆರಳೆಣಿಕೆಗೆ ಇಳಿಯುತ್ತಿದೆ. ಶ್ರಾವಣದಲ್ಲಿ ಪುರಾಣ ಕೇಳಲು ಹಾಸುವುದು ಅಂಥ ಜಮಖಾನವನ್ನೇ. ಅದರ ಮೇಲೆ ಕುಳಿತು ನಾವು ದಾಸೋಹದ ಮಹತ್ವವನ್ನು ಕೇಳುತ್ತೇವೆ.

ಶಿಶುನಾಳದಲ್ಲಿ ಅಂದು ಏನಾಯಿತೆಂಬುದನ್ನೂ ಹೇಳಿಬಿಡುತ್ತೇನೆ. ಶರೀಫರ ಅಂತ್ಯಕ್ರಿಯೆಯಲ್ಲಿ ಒಂದು ಕಡೆ ಕುರಾನ್ ಪಠಣ, ಮತ್ತೊಂದು ಕಡೆ ಮಂತ್ರಘೋಷ ನಡೆದವೆಂದು ಪರಂಪರೆ ಹೇಳುತ್ತದೆ. ಲಿಂಗವಂತರೂ ಮುಸಲ್ಮಾನರೂ ಇಬ್ಬರೂ ಮಣ್ಣಿಗೇ ಹೋಗುವವರು. ನಮ್ಮವರು ಕುಳಿತು, ಅವರು ಮಲಗಿ. ಇಂದಿಗೂ ಆ ಗದ್ದುಗೆಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ, ಸಕ್ಕರೆ ಓದಿಸುವವರೂ ಕಾಯಿ ಒಡೆಸುವವರೂ ಅಕ್ಕಪಕ್ಕ ನಿಲ್ಲುತ್ತಾರೆ.

ಬೇವಿನ ಗಿಡದ ಕೆಳಗೆ ನಿಂತಿದ್ದ ಆ ಮುದುಕರು ಕಳೆದ ವರ್ಷ ತೀರಿಕೊಂಡರು. ಊರಿನ ನಮ್ಮವರು ಅನೇಕರು ಮಣ್ಣಿಗೆ ಹೋಗಿದ್ದೆವು. ಖಬರಸ್ಥಾನದ ಗೋಡೆಯ ಬಳಿ, ಎಲ್ಲರಿಗಿಂತ ಹಿಂದೆ, ನಾನೂ ನಿಂತಿದ್ದೆ. ಪ್ರಾರ್ಥನೆ ಮುಗಿದು ಮಣ್ಣು ಹಾಕುವ ಹೊತ್ತಿಗೆ ಅವರ ಹಿರಿಯ ಮಗ ಸುತ್ತ ನೋಡಿದವರು, ನನ್ನತ್ತ ತಿರುಗಿ ಕೈ ಮಾಡಿ ಕರೆದರು: "ಅಲ್ಲ್ಯಾಕ ನಿಂತೀರಿ ಕಾಕಾ, ಮುಂದ ಬರ್ರಿ. ಮೂರು ಹಿಡಿ ಮಣ್ಣು ಹಾಕ್ರಿ."

ಚಪ್ಪಲಿ ಬಿಟ್ಟು ಹೋಗಿ ಹಾಕಿ ಬಂದೆ.